ಅರವತ್ತರ ಆಚೆಯ ವರ್ಷಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಂಜೆ ನಡೆದು ಹೋಗುವವರು ಔಷಧದ ಅಂಗಡಿಗಳ ಮುಂದೆ ನಿಂತ ವೃದ್ಧರನ್ನು ಕಾಣದೆ ಇರಲಾರರು. ಧೋತರ, ಬಿಳಿಯ ಟೋಪಿ, ಕೈಯಲ್ಲಿ ಮಡಿಸಿ ಮಡಿಸಿ ಹರಿದ ಚೀಟಿ. ಕಮಲಾಪುರದ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇರುತ್ತಾರೆ. ಅರ್ಧ ಶತಮಾನದ ಹಿಂದೆ ಇಷ್ಟು ಮಂದಿ ಹಿರಿಯರು ನಮ್ಮ ನಡುವೆ ಉಳಿದಿರುತ್ತಿರಲಿಲ್ಲ.

1970-75ರ ಅವಧಿಯಲ್ಲಿ ಭಾರತೀಯರ ಸರಾಸರಿ ಆಯುರ್ಮಾನ 49.7 ವರ್ಷ; 2016-20ರ ಅವಧಿಯಲ್ಲಿ ಅದು 70. ಕೇಳುಗರೇ, ಹಾಗೆಂದು ಅಂದಿನವರೆಲ್ಲ ಐವತ್ತಕ್ಕೇ ಕಣ್ಣು ಮುಚ್ಚುತ್ತಿದ್ದರೆಂದು ತಿಳಿಯಬಾರದು. ತೊಟ್ಟಿಲಲ್ಲೇ ತೀರಿಕೊಂಡ ಅಸಂಖ್ಯ ಕೂಸುಗಳು ಆ ಸರಾಸರಿಯನ್ನು ಕೆಳಕ್ಕೆ ಎಳೆದಿದ್ದವು. ಲಸಿಕೆ ಬಂತು, ವಾಂತಿಭೇದಿಗೆ ಉಪ್ಪು-ಸಕ್ಕರೆಯ ನೀರು ಬಂತು, ಮಕ್ಕಳು ಉಳಿದರು. ಆದರೆ ಅರವತ್ತನ್ನು ಮುಟ್ಟಿದವರ ಲೆಕ್ಕವೇ ಬೇರೆ. ಅವರಿಗೆ ಅಂದು ಮುಂದೆ ಸುಮಾರು 14 ವರ್ಷಗಳ ನಿರೀಕ್ಷೆಯಿತ್ತು. ಈಚಿನ ಗಣನೆಯಲ್ಲಿ ಸುಮಾರು 18. ಹುಟ್ಟಿನಲ್ಲಿ ಇಪ್ಪತ್ತು ವರ್ಷ ಗಳಿಸಿದ ನಾವು ಮುಪ್ಪಿನಲ್ಲಿ ಗಳಿಸಿದ್ದು ನಾಲ್ಕೇ.

ಇದಕ್ಕೆ ಕಾರಣಗಳು ಮನೆಯೊಳಗೇ ಇವೆ. 1990ರಲ್ಲಿ ದೇಶದ ಒಟ್ಟು ಸಾವುಗಳಲ್ಲಿ ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಶ್ವಾಸರೋಗ, ಅರ್ಬುದ ಮೊದಲಾದ ಅಂಟದ ರೋಗಗಳ ಪಾಲು ನೂರಕ್ಕೆ 38ರಷ್ಟಿತ್ತು. 2016ರ ವೇಳೆಗೆ 62ನ್ನು ಮುಟ್ಟಿತು. ಇವುಗಳಲ್ಲಿ ಅನೇಕಕ್ಕೆ ಹಾದಿ ಮಾಡಿಕೊಡುವುದು ರಕ್ತದ ಒತ್ತಡ. ಅದಕ್ಕೆ ನೋವಿಲ್ಲ, ಜ್ವರವಿಲ್ಲ. ವರ್ಷಾನುಗಟ್ಟಲೆ ಮೌನವಾಗಿ ನಾಳಗಳನ್ನು ಬಿರುಸು ಮಾಡುತ್ತದೆ, ಮೂತ್ರಪಿಂಡವನ್ನು ಸವೆಸುತ್ತದೆ. ಒಂದು ಬೆಳಗ್ಗೆ ಬಾಯಿ ಸೊಟ್ಟಗಾದಾಗಲೇ ಮನೆಯವರಿಗೆ ಗೊತ್ತಾಗುವುದು.

ನಮ್ಮ ಹಿರಿಯರಾದರೋ ನೋವನ್ನೇ ರೋಗವೆಂದು ತಿಳಿದವರು. ಹತ್ತು ಗುಳಿಗೆ ತೆಗೆದುಕೊಂಡು, ತಲೆಸುತ್ತು ನಿಂತ ಕೂಡಲೇ, “ಈಗ ಆರಾಮ ಅದ್ರಿ, ಮತ್ತ ಗುಳಿಗಿ ಯಾಕ ಬೇಕ್ರಿ?” ಎನ್ನುತ್ತಾರೆ. ಆರಾಮವಾಗಿರುವುದು ಆ ಗುಳಿಗೆಯಿಂದಲೇ ಎಂದು ಅವರಿಗೆ ಕುಳಿತು ಹೇಳುವ ವ್ಯವಧಾನ ಕಿಕ್ಕಿರಿದ ಆಸ್ಪತ್ರೆಯಲ್ಲಿ ಯಾರಿಗಿದೆ? ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ತಪ್ಪದೆ ಹಣ ಕಳಿಸುತ್ತಾನೆ. ಗುಳಿಗೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಲು ಅವನಿಗೆ ಸಾಧ್ಯವಿಲ್ಲ. ಆ ಎಣಿಕೆ ಮನೆಯಲ್ಲಿರುವ ಸೊಸೆಯದೋ ಶಾಲೆಗೆ ಹೋಗುವ ಮೊಮ್ಮಗಳದೋ ಆಗಬೇಕು. ಒಂದೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒತ್ತಡ ನೋಡಿಸಲು ದುಡ್ಡು ಬೇಕಿಲ್ಲ, ಅರ್ಧ ದಿನದ ಬಿಡುವು ಬೇಕು. ಕೂಲಿಯ ಮನೆಯಲ್ಲಿ ಅದೂ ಸಣ್ಣ ಮಾತಲ್ಲ.

ಊಟದ ಮಾತು. ಜೋಳದ ರೊಟ್ಟಿಯ ಮೇಲೆ ನನ್ನ ದೂರೇನೂ ಇಲ್ಲ; ಅದರ ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಉಪ್ಪು ಮುಂದಾದ ಶೇಂಗಾ ಹಿಂಡಿ, ಇವುಗಳ ಮೇಲಿದೆ. ಇನ್ನು ಕಮಲಾಪುರದ ಕೆಂಪು ಬಾಳೆಹಣ್ಣು ಸಕ್ಕರೆ ಕಾಯಿಲೆಯವರಿಗೆ ಸಲ್ಲುತ್ತದೆಯೇ ಎಂದು ಕೇಳುವವರು ಬಹಳ. ರೋಗ ಹತೋಟಿಯಲ್ಲಿದ್ದು, ವೈದ್ಯರು ಬೇಡವೆನ್ನದಿದ್ದರೆ, ಅರ್ಧ ಹಣ್ಣನ್ನು ಊಟದ ಲೆಕ್ಕದೊಳಗೆ ಸೇರಿಸಿಕೊಂಡು ತಿನ್ನಬಹುದು. ಹಣ್ಣನ್ನು ಬಿಟ್ಟೆನೆಂಬ ಧೈರ್ಯದಲ್ಲಿ ಗುಳಿಗೆಯನ್ನೂ ಬಿಡುವವರೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತಾರೆ.