ಪ್ರೌಢಶಾಲೆಯ ಮಕ್ಕಳೂ ಬಹುಮಾಧ್ಯಮ ನಿರೂಪಣೆಯೂ



ಶ್ರಾವಣಮಾಸದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಠಗಳಲ್ಲಿ ಪುರಾಣ ನಡೆಯುವ ಕ್ರಮವು ತಮ್ಮೆಲ್ಲರಿಗೂ ವಿದಿತವಾದುದೇ. ಪುರಾಣಿಕರು ಒಂದು ಪ್ರಸಂಗವನ್ನು ವಿವರಿಸಿ ನಿಲ್ಲಿಸುವರು. ಆಗ ಗವಾಯಿಗಳು ಆ ಭಾವಕ್ಕೆ ತಕ್ಕ ಪದವನ್ನೆತ್ತಿಕೊಳ್ಳುವರು. ತಬಲವು ಅವರನ್ನು ಅನುಸರಿಸುವುದು. ಮಾತು ನಡೆಯುವಾಗ ಹಾಡಿಲ್ಲ, ಹಾಡು ನಡೆಯುವಾಗ ಮಾತಿಲ್ಲ. ಅಕ್ಷರವರಿಯದ ಒಕ್ಕಲುಮಗನೂ ಹೀಗೆ ಕೇಳಿದ ಕಥೆಯನ್ನು ಮನೆಗೆ ಹೋಗಿ ಮಕ್ಕಳಿಗೆ ಹೇಳಬಲ್ಲನು. ಈಗ ಪ್ರೌಢಶಾಲೆಗಳಲ್ಲಿ ಬಹುಮಾಧ್ಯಮ ನಿರೂಪಣೆಯೆಂದೂ, ಮಕ್ಕಳ ಬಾಯಲ್ಲಿ ‘ಪಿಪಿಟಿ’ಯೆಂದೂ ಕರೆಯಲ್ಪಡುವ ವಿದ್ಯೆಯು ಇದರ ಬಳಗಕ್ಕೇ ಸೇರಿದುದು. ಬರಹ, ಚಿತ್ರ, ಧ್ವನಿಗಳನ್ನು ಗಣಕಯಂತ್ರದಲ್ಲಿ ಹೊಂದಿಸಿ, ಬೆಳಕಿನಿಂದ ಪರದೆಯ ಮೇಲೆ ಮೂಡಿಸಿ, ಬಾಯಿಮಾತಿನೊಡನೆ ಸಭೆಗೆ ವಿಷಯವನ್ನು ತಿಳಿಸುವುದೇ ಅದು.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳಲಾಗದು. 2025ನೆಯ ಇಸವಿಯ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದಲ್ಲಿಯೇ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಓದುಬರಹವೇ ಕುಂಟುತ್ತಿರುವಲ್ಲಿ ಈ ಚಿತ್ರದಾಟವೇತಕ್ಕೆಂದು ತಂದೆತಾಯಿಗಳು ಕೇಳಿದರೆ ತಪ್ಪೇನು? ಬಣ್ಣದ ಅಕ್ಷರಗಳನ್ನು ಕುಣಿಸುವುದಷ್ಟೇ ಕಲಿಕೆಯಾದರೆ ಅವರ ಮಾತೇ ಸರಿ. ಆದರೆ ತನ್ನ ಊರಿನ ತೊಗರಿಯ ವಿಷಯವನ್ನು ಎಂಟು ಪುಟಗಳಲ್ಲಿ ತೋರಿಸೆಂದು ಒಬ್ಬ ಬಾಲಕಿಗೆ ಹೇಳಿ ನೋಡಿರಿ. ಎರೆಭೂಮಿ, ಮುಂಗಾರಿನ ಬಿತ್ತನೆ, ಕಾಯಿಕೊರಕದ ಹಾವಳಿ, ಬೇಳೆಯ ಗಿರಣಿ, 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯ ಮನ್ನಣೆ, ಇವುಗಳಲ್ಲಿ ಮೊದಲಾವುದು, ಬಿಡತಕ್ಕುದಾವುದು ಎಂಬುದನ್ನು ಅವಳೇ ನಿರ್ಧರಿಸಬೇಕಾಗುವುದು. ಉರುಹೊಡೆದು ಬರೆಯುವವರಿಗೆ ಈ ಕಷ್ಟವಿಲ್ಲ. ಆದುದರಿಂದಲೇ ಈ ಲಾಭವೂ ಇಲ್ಲ.

ರಚನೆಯನ್ನು ಮೊದಲು ಕಾಗದದ ಮೇಲೆಯೇ ಮಾಡತಕ್ಕದ್ದು. ಯಂತ್ರಗಳು ಕೆಲವೇ ಇರುವ ಶಾಲೆಗೂ ಇದರಿಂದ ಅಡ್ಡಿಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಮೇಯರ್ ಎಂಬವರು ಪ್ರಯೋಗಗಳಿಂದ ಕಂಡು 2001ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ತತ್ತ್ವಗಳು ಪುರಾಣ ಕೇಳಿದವರಿಗೆ ತೀರ ಹೊಸವೆನಿಸವು. ಚಿತ್ರವನ್ನು ತೋರಿಸಿ ಬಾಯಿಂದ ವಿವರಿಸುವಾಗ ಅವೇ ವಾಕ್ಯಗಳನ್ನು ಪರದೆಯ ಮೇಲೂ ತುಂಬಿದರೆ ಗ್ರಹಣವು ಕುಂದುವುದು. ವಿಷಯಕ್ಕೆ ಸಂಬಂಧಿಸದ ಸಂಗೀತವೂ ಅಲಂಕಾರವೂ ಕಲಿಕೆಗೆ ತೊಡಕಾಗುವುವು.

ರಚಿಸುವುದಕ್ಕಿಂತ ಪರೀಕ್ಷಿಸುವುದು ಕಠಿಣ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಜನಿಸಿದ ಶ್ರೀ ಶರಣಬಸವೇಶ್ವರರ ಚರಿತ್ರೆಯನ್ನು ಒಬ್ಬ ಬಾಲಕನು ನಿರೂಪಿಸುವನೆಂದಿಟ್ಟುಕೊಳ್ಳಿರಿ. ಅಂತರಜಾಲದಿಂದ ಒಂದು ಭಾವಚಿತ್ರವನ್ನು ತೆಗೆದು ‘ಶರಣರ ಛಾಯಾಚಿತ್ರ’ವೆಂದು ಕೆಳಗೆ ಬರೆಯುವನು. ಶರಣರು ಲಿಂಗೈಕ್ಯರಾದುದು 1822ರಲ್ಲಿ. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಈ ಎರಡು ಇಸವಿಗಳನ್ನು ಎದುರೆದುರಾಗಿಟ್ಟು ಪ್ರಶ್ನಿಸುವ ಸಹಪಾಠಿಯೊಬ್ಬನು ಎದ್ದು ನಿಂತರೆ ಆ ತರಗತಿಯು ಸಾರ್ಥಕವಾಯಿತು. ‘ಚಿತ್ರಕಾರನ ಕಲ್ಪನೆ’ ಎಂದು ತಿದ್ದಿದ ಮಾತ್ರಕ್ಕೆ ಭಕ್ತಿಗೆ ಕುಂದಿಲ್ಲ. ಸುಳ್ಳನ್ನು ಸೇರಿಸಿದರೆ ಉಂಟು. ಕೃತಕ ಬುದ್ಧಿಯ ಯಂತ್ರಗಳು ಬೇಕಾದ ಮುಖವನ್ನು ಕ್ಷಣದಲ್ಲಿ ಬರೆದುಕೊಡುವ ಈ ಕಾಲದಲ್ಲಿ ಚಿತ್ರದ ಮೂಲವನ್ನು ಕೇಳುವ ಅಭ್ಯಾಸವು ಅತ್ಯಾವಶ್ಯಕ.

ಅಳತೆಗೋಲುಗಳನ್ನು ನಿರೂಪಣೆಗೆ ಮೊದಲೇ ಮಕ್ಕಳೊಡನೆ ಕೂಡಿ ಗೊತ್ತುಮಾಡಬೇಕು: ವಿಷಯವು ನಿಜವೇ, ಕ್ರಮವುಂಟೇ, ಹಿಂದಿನ ಸಾಲಿನವರಿಗೆ ಅಕ್ಷರವು ಕಾಣುವುದೇ, ಮೂಲವನ್ನು ಹೇಳಿದೆಯೇ. “ಭಾಳ ಚೊಲೋ ಅದ” ಎಂದು ಗೆಳೆಯನು ಹೇಳಿದರೆ, “ಯಾವ ಪುಟ, ಯಾಕ ಚೊಲೋ ಅದ?” ಎಂದು ಗುರುಗಳು ಕೇಳತಕ್ಕದ್ದು. ಮರಾಠಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳೂ ಇಲ್ಲಿರುವುದರಿಂದ ಶಬ್ದಶುದ್ಧಿಗೆ ಪ್ರತ್ಯೇಕ ಅಂಕವಿಟ್ಟು, ವಿಷಯದ ಅಂಕವನ್ನು ಅದಕ್ಕಾಗಿ ಕಳೆಯದಿರುವುದು ನ್ಯಾಯ.

ಇನ್ನೊಂದು ಪರೀಕ್ಷೆಯನ್ನು ಈ ಸೀಮೆಯ ವಿದ್ಯುಚ್ಛಕ್ತಿಯೇ ಆಗಾಗ್ಗೆ ನಡೆಸಿಕೊಡುವುದು. ನಾಲ್ಕನೆಯ ಪುಟದಲ್ಲಿ ದೀಪವಾರಿ ಪರದೆಯು ಬರಿದಾಗುವುದು. ಕೆಲವರು ಅಲ್ಲಿಯೇ ಕುಳಿತುಬಿಡುವರು. ಕೆಲವರು ಸೀಮೆಸುಣ್ಣವನ್ನು ತೆಗೆದುಕೊಂಡು ಹಲಗೆಯ ಮೇಲೆ ಭೀಮಾನದಿಯ ಗೆರೆಯನ್ನೆಳೆದು ಮಾತನ್ನು ಮುಂದುವರಿಸುವರು.