ಮಸೀದಿಯ ಲೆಕ್ಕ ಕೇಳುವವರು ವಾರ್ಡಿನ ಲೆಕ್ಕವನ್ನೂ ಕೇಳಲಿ

(ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮೊಹಲ್ಲಾದ ಹಿರಿಯರು, ವ್ಯಾಪಾರಿಗಳು ಮತ್ತು ಮಹಿಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ವಾರ್ಡಿನ ಅಭಿವೃದ್ಧಿ ಕಾರ್ಯಗಳು ಮತ್ತು ಸಮುದಾಯದ ಹೊಣೆಗಾರಿಕೆ ಎಂಬ ವಿಷಯದ ಬಗ್ಗೆ ಮಾತನಾಡಲು ತಾವು ನನಗೆ ಅವಕಾಶ ನೀಡಿದ್ದೀರಿ. ವಾರ್ಡಿನ ಅಭಿವೃದ್ಧಿಯೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾರ್ಪೊರೇಟರರ ಕರಪತ್ರ. ಅವಧಿ ಮುಗಿಯುತ್ತ ಬಂದಂತೆ ಅದು ಮನೆಮನೆಗೆ ತಲುಪುತ್ತದೆ. ಇಷ್ಟು ರಸ್ತೆಗಳಿಗೆ ಡಾಂಬರು, ಇಷ್ಟು ಬೀದಿದೀಪ, ಇಷ್ಟು ಕೊಳವೆಬಾವಿ, ಇಷ್ಟು ಬಡ ಕುಟುಂಬಗಳಿಗೆ ಹೊಲಿಗೆ ಯಂತ್ರ ಎಂದು ಅದರಲ್ಲಿ ಪಟ್ಟಿಯಿರುತ್ತದೆ. ನಾವು ಅದನ್ನು ಓದುತ್ತೇವೆ, ಮೆಚ್ಚುತ್ತೇವೆ ಅಥವಾ ನಗುತ್ತೇವೆ, ಬಳಿಕ ಮಡಚಿಡುತ್ತೇವೆ. ಆದರೆ ಅದು ಪ್ರಚಾರಪತ್ರವೇ ಅಥವಾ ಲೆಕ್ಕಪತ್ರವೇ ಎಂದು ವಿಚಾರಿಸುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಅರಿಯದಿದ್ದರೆ ಯಾವ ಪಕ್ಷದವರು ಗೆದ್ದರೂ ನಮ್ಮ ಬೀದಿಗಳ ಸ್ಥಿತಿ ಬದಲಾಗದು.

ಒಂದು ಉದಾಹರಣೆಯನ್ನು ನಮ್ಮ ಅಂಗಳದಿಂದಲೇ ಕೊಡುತ್ತೇನೆ. ನಮ್ಮ ಅನೇಕ ಮಸೀದಿಗಳಲ್ಲಿ ಚಂದಾ ಎಷ್ಟು ಬಂತು, ವಿದ್ಯುತ್ ಬಿಲ್ಲಿಗೆ ಎಷ್ಟು ಹೋಯಿತು, ಇಮಾಮರ ಮತ್ತು ಮುಅಝ್ಝಿನರ ಸಂಬಳವೆಷ್ಟು, ಉಳಿದದ್ದೆಷ್ಟು ಎಂದು ಫಲಕದ ಮೇಲೆ ಬರೆದು ಹಾಕುವ ಪದ್ಧತಿಯಿದೆ. ಒಂದು ತಿಂಗಳು ಲೆಕ್ಕ ಬರೆಯದಿದ್ದರೆ ಜುಮಾ ನಮಾಝಿನ ಬಳಿಕ ನಾಲ್ವರು ನಿಂತು ಪ್ರಶ್ನಿಸುತ್ತಾರೆ. ಹತ್ತು ರೂಪಾಯಿ ಕೊಟ್ಟವನಿಗೂ ಕೇಳುವ ಹಕ್ಕಿದೆ, ಸಮಿತಿಯ ಅಧ್ಯಕ್ಷರು ಎಷ್ಟೇ ದೊಡ್ಡ ವ್ಯಾಪಾರಿಯಾಗಿದ್ದರೂ ಉತ್ತರಿಸಬೇಕು. ಇದು ಬಹಳ ಒಳ್ಳೆಯ ಸಂಪ್ರದಾಯ. ಹಝ್ರತ್ ಉಮರ್(ರ)ರಂತಹ ಖಲೀಫರನ್ನು ತುಂಬಿದ ಸಭೆಯಲ್ಲಿ ಸಾಮಾನ್ಯನೊಬ್ಬನು ಅವರು ಧರಿಸಿದ್ದ ಬಟ್ಟೆಯ ಕುರಿತು ಪ್ರಶ್ನಿಸಿದಾಗ, ಅವರು ಸಿಡುಕದೆ, ತಮ್ಮ ಮಗನ ಪಾಲಿನ ಬಟ್ಟೆಯೂ ಸೇರಿತ್ತೆಂದು ಮಗನಿಂದಲೇ ಸಾಕ್ಷಿ ನುಡಿಸಿದ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಹಾಗಿದ್ದ ಮೇಲೆ, ನಾವು ಕಟ್ಟುವ ಆಸ್ತಿ ತೆರಿಗೆಯ ಬಗ್ಗೆ ಏಕೆ ಮೌನ? ಮಸೀದಿಯ ಹಣ ಅಮಾನತ್ ಆದರೆ ಸಾರ್ವಜನಿಕರ ಹಣ ಅಮಾನತ್ ಅಲ್ಲವೇ?

ಪೇಟೆ ಕಂಡ ಆಡಳಿತ

ಸಹೋದರರೇ, ನಾವು ಕುಳಿತಿರುವ ಈ ಪೇಟೆಗೆ ನಗರಾಡಳಿತ ಹೊಸದಲ್ಲ. 1862ರಲ್ಲಿ ಈ ಹಳೆಯ ಪಟ್ಟಣದ ಒಂಬತ್ತು ಮಂದಿ ಗಣ್ಯರು ಸೇರಿ ಪುರಸಭೆಯ ಮಂಡಳಿ ರಚನೆಯಾಯಿತು. ಅಂತಹದೇ ಇನ್ನೊಂದು ಮಂಡಳಿ ದಂಡು ಪ್ರದೇಶದಲ್ಲಿ ರಚನೆಯಾಯಿತು. 1898ರ ಪ್ಲೇಗ್ ಈ ಇಕ್ಕಟ್ಟಾದ ಬೀದಿಗಳ ಮೇಲೆರಗಿದಾಗ ಗಾಳಿ ಬೆಳಕು, ಚರಂಡಿ ಮತ್ತು ಶುಚಿತ್ವ ಎಂಬುವು ಜೀವನ್ಮರಣದ ಪ್ರಶ್ನೆಗಳೆಂದು ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರದ ವಿಶಾಲ ಬಡಾವಣೆಗಳು ಬೆಳೆದದ್ದು ಆ ಪಾಠದಿಂದಲೇ. ಹೊರಗೆ ಹೋಗಬಲ್ಲವರು ಹೋದರು, ಪೇಟೆ ಮಾತ್ರ ಹಾಗೆಯೇ ಉಳಿಯಿತು. ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. 1949ರಲ್ಲಿ ಪೇಟೆ ಮತ್ತು ದಂಡಿನ ಎರಡೂ ಪುರಸಭೆಗಳು ಒಂದಾಗಿ, 70 ಚುನಾಯಿತ ಪ್ರತಿನಿಧಿಗಳಿದ್ದ ಬೆಂಗಳೂರು ನಗರ ಪಾಲಿಕೆಯಾಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಲಾಯಿತು.

ಊರು ದೊಡ್ಡದಾಯಿತು. ಆದರೆ ಊರಿನ ಪ್ರತಿನಿಧಿ ಎಲ್ಲಿ ಹೋದ? ಇದನ್ನು ತಾವು ಗಮನವಿಟ್ಟು ಕೇಳಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಪಾಲಿಕೆಯ ಅವಧಿ ಐದು ವರ್ಷವೆಂದೂ, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕೆಂದೂ ಸ್ಪಷ್ಟವಾಗಿ ಹೇಳುತ್ತದೆ. ಆದರೆ 2006ರ ನವೆಂಬರ್‌ನಲ್ಲಿ ಹಿಂದಿನ ಪಾಲಿಕೆಯ ಅವಧಿ ಮುಗಿದ ಬಳಿಕ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಎರಡನೇ ಚುನಾವಣೆ 2015ರ ಆಗಸ್ಟ್‌ನಲ್ಲಿ ನಡೆಯಿತು. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಕೊನೆಗೊಂಡಿತು. ಆರು ವಾರಗಳೊಳಗೆ ಚುನಾವಣೆಯ ವೇಳಾಪಟ್ಟಿ ಪ್ರಕಟಿಸಬೇಕೆಂದು ರಾಜ್ಯ ಹೈಕೋರ್ಟ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್‌ನಿಂದ ಅದಕ್ಕೆ ತಡೆ ಬಂತು. ಬಳಿಕ ವಾರ್ಡ್‌ಗಳ ಸಂಖ್ಯೆ 198ರಿಂದ 243 ಆಯಿತು, ಮತ್ತೆ 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನಮ್ಮ ಪ್ರದೇಶ ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿತು. ಐದೂ ಪಾಲಿಕೆಗಳಿಗೆ ಸೇರಿ 369 ವಾರ್ಡ್‌ಗಳಾದವು. ಈ ಗುಣಾಕಾರ ಭಾಗಾಕಾರಗಳ ನಡುವೆ ಐದು ವರ್ಷಗಳು ಸಂಪೂರ್ಣವಾಗಿ ಕಳೆದುಹೋದವು. ಆಳಿದವರು ಬದಲಾದರು, ಚುನಾವಣೆ ಮುಂದೂಡುವ ವಿಷಯದಲ್ಲಿ ಮಾತ್ರ ಪಕ್ಷಭೇದ ಕಾಣಿಸಲಿಲ್ಲ.

ಪ್ರತಿನಿಧಿಯಿಲ್ಲದ ದಿನಗಳಲ್ಲಿ

ಇದರಿಂದ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ಕಾರ್ಪೊರೇಟರ್ ಇದ್ದಾಗಲೂ ಮೋರಿ ಕಟ್ಟುತ್ತಿತ್ತು, ಇಲ್ಲದಾಗಲೂ ಕಟ್ಟುತ್ತದೆ ಎಂದು ಅವರ ವಾದ. ಅವರು 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನೆನಪಿಸಿಕೊಳ್ಳಲಿ. ಕೋವಿಡ್‌ನ ಎರಡನೇ ಅಲೆ ನಗರವನ್ನು ಆವರಿಸಿದಾಗ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನ ಬೀದಿಬೀದಿ ಅಲೆದರು. ಆಗ ಇಡೀ ಬೆಂಗಳೂರಿನಲ್ಲಿ ಒಬ್ಬನೇ ಒಬ್ಬ ಪಾಲಿಕೆ ಸದಸ್ಯನೂ ಅಧಿಕಾರದಲ್ಲಿರಲಿಲ್ಲ. ನಮ್ಮ ಯುವಕರು ಮತಭೇದವಿಲ್ಲದೆ ರೋಗಿಗಳಿಗೆ ನೆರವಾದರು, ಅನಾಥ ಶವಗಳ ಅಂತ್ಯಕ್ರಿಯೆ ನಡೆಸಿದರು. ಅವರ ಸೇವೆಯನ್ನು ಎಷ್ಟು ಪ್ರಶಂಸಿಸಿದರೂ ಸಾಲದು. ಆದರೆ ಸ್ವಯಂಸೇವಕ ಪ್ರತಿನಿಧಿಯಾಗಲಾರ. ಅವನು ಆಂಬುಲೆನ್ಸ್ ತರಬಲ್ಲ, ಅಧಿಕಾರಿಯನ್ನು ಸಭೆಗೆ ಕರೆದು ಪ್ರಶ್ನಿಸಲಾರ.

2025ರ ಆಗಸ್ಟ್‌ನಲ್ಲಿ ಇಲ್ಲೇ ಪಕ್ಕದ ನಗರ್ತಪೇಟೆಯಲ್ಲಿ ಸಂಭವಿಸಿದ ಬೆಂಕಿ ದುರಂತವನ್ನೂ ತಾವು ಮರೆತಿರಲಾರಿರಿ. ಐದು ಜೀವಗಳು ಹೋದವು. ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಸಂಸಾರ, ಮುಂದೆ ಕೈಗಾಡಿಯೊಂದೇ ಹಿಡಿಯುವಷ್ಟು ಓಣಿ, ತಲೆಯ ಮೇಲೆ ತಂತಿಗಳ ಜಾಲ. ಇದು ಒಂದು ಬೀದಿಯ ಚಿತ್ರವಲ್ಲ. ಮಾಮೂಲ್‌ಪೇಟೆ, ಬಳೇಪೇಟೆ, ಕಬ್ಬನ್‌ಪೇಟೆ, ತರಗುಪೇಟೆ ಎಲ್ಲೆಡೆಯೂ ಇದೇ ಚಿತ್ರ. ಅಂತಹ ಕಟ್ಟಡಗಳ ಪರಿಶೀಲನೆ ಕಡೆಯ ಬಾರಿ ಯಾವಾಗ ನಡೆಯಿತು, ನೋಟಿಸ್ ಯಾರಿಗೆ ಹೋಯಿತು, ಮುಂದೇನಾಯಿತು ಎಂದು ತಿಂಗಳಿಗೊಮ್ಮೆ ಕೇಳುವ ಅಧಿಕೃತ ಬಾಯಿಯೊಂದು ಆ ವರ್ಷಗಳಲ್ಲಿ ವಾರ್ಡಿಗೆ ಇರಲಿಲ್ಲ. ದುರಂತದ ಮರುದಿನ ಬರುವ ಸಾಂತ್ವನಕ್ಕಿಂತ ಹಿಂದಿನ ದಿನ ಕೇಳಬೇಕಾದ ಪ್ರಶ್ನೆ ದೊಡ್ಡದು.

ಲೆಕ್ಕವೆಂದರೆ ಯಾವುದು?

ಹೊಸ ಪಾಲಿಕೆಗೆ ಯಾರೇ ಆರಿಸಿ ಬರಲಿ, ಯಾವ ಧರ್ಮದವರೇ ಆಗಲಿ, ನಾವು ಅವರಿಂದ ಬಯಸಬೇಕಾದ ವರದಿ ಎಂತಹದು? ಪ್ರತಿ ಕಾಮಗಾರಿಗೂ ನಾಲ್ಕು ಪ್ರಶ್ನೆಗಳಿಗೆ ಅದು ಉತ್ತರಿಸಬೇಕು. ಒಂದು, ಕೆಲಸ ಯಾವುದು ಮತ್ತು ಯಾವ ಬೀದಿಯ ಎಲ್ಲಿಂದ ಎಲ್ಲಿಯವರೆಗೆ? ಎರಡು, ಅಂದಾಜು ಮೊತ್ತವೆಷ್ಟು ಮತ್ತು ಬಿಲ್ಲು ಪಾವತಿಯಾದದ್ದೆಷ್ಟು? ಮೂರು, ಗುತ್ತಿಗೆದಾರ ಯಾರು ಮತ್ತು ಕೆಲಸ ಕೆಟ್ಟರೆ ದುರಸ್ತಿ ಮಾಡುವ ಹೊಣೆ ಅವನ ಮೇಲೆ ಎಷ್ಟು ಕಾಲವಿದೆ? ನಾಲ್ಕು, ಮಾಡುತ್ತೇನೆಂದು ಹೇಳಿ ಮಾಡದೇ ಉಳಿದದ್ದು ಯಾವುದು ಮತ್ತು ಏಕೆ? ಈ ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದ ವರದಿ ಎಷ್ಟೇ ಹೊಳಪಿನ ಕಾಗದದಲ್ಲಿ ಅಚ್ಚಾಗಿದ್ದರೂ ಅದು ಜಾಹೀರಾತು ಮಾತ್ರ.

ಇದು ಬೆಂಗಳೂರಿಗೆ ಅಪರಿಚಿತ ಮಾರ್ಗವೂ ಅಲ್ಲ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ ಇಲ್ಲಿನ ನಾಗರಿಕರೇ ಸರಕಾರಿ ಸೇವೆಗಳಿಗೆ ಅಂಕ ಕೊಟ್ಟು ವರದಿ ಪತ್ರ ಪ್ರಕಟಿಸಿದರು. ಬಹುತೇಕ ಇಲಾಖೆಗಳು ಅದರಲ್ಲಿ ಹೀನಾಯವಾಗಿ ಸೋತವು. 1999 ಮತ್ತು 2003ರಲ್ಲಿ ಮತ್ತೆ ಅಂಕ ಕೊಡಲಾಯಿತು. ಕ್ರಮೇಣ ಸುಧಾರಣೆ ಕಂಡಿತು. 2002ರಲ್ಲಿ ಕೆಲವು ಸಂಘಟನೆಗಳು ಒಟ್ಟಾಗಿ, ಪಾಲಿಕೆಯು ಮೂರು ತಿಂಗಳಿಗೊಮ್ಮೆ ತನ್ನ ಆದಾಯ ವೆಚ್ಚವನ್ನು ಸಾರ್ವಜನಿಕರ ಮುಂದಿಡಬೇಕೆಂದು ‘ಪ್ರೂಫ್’ ಎಂಬ ಅಭಿಯಾನ ನಡೆಸಿದವು. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂತು. ಕೇಳುವ ದಾರಿಗಳು ತೆರೆದವು. ಆ ದಾರಿಗಳಲ್ಲಿ ನಡೆದವರಲ್ಲಿ ನಾವೆಷ್ಟು ಮಂದಿ?

ಇನ್ನು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇದು ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2016ರಲ್ಲಿ ಅದಕ್ಕೆ ನಿಯಮಗಳು ಬಂದವು. ಪಾಲಿಕೆ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿ, ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಎಂದು ಆ ನಿಯಮಗಳು ನಿಗದಿಪಡಿಸಿದವು. ಪ್ರತಿ ತಿಂಗಳೂ ಸಭೆ ಸೇರಬೇಕೆಂಬುದೂ ಅವುಗಳ ಆಶಯವಾಗಿತ್ತು. ಹಳೆಯ ಪಾಲಿಕೆ ಹೋದರೂ ಹೊಸ ಕಾನೂನಿನಲ್ಲಿ ವಾರ್ಡ್ ಸಮಿತಿ ಉಳಿದಿದೆ. ಕಾರ್ಪೊರೇಟರರ ವರದಿ ಮಂಡನೆಯಾಗಬೇಕಾದುದು ಮದುವೆ ಮಂಟಪದಲ್ಲಿ ಅಲ್ಲ, ಇಫ್ತಾರ್ ಕೂಟದಲ್ಲಿ ಅಲ್ಲ, ಫ್ಲೆಕ್ಸ್ ಮೇಲೆ ಅಲ್ಲ, ಈ ಸಮಿತಿಯಲ್ಲಿ.

ನಮ್ಮ ಪಾಲಿನ ಹೊಣೆ

ಸಹೋದರರೇ, ಈಗ ಸ್ವಲ್ಪ ಕಹಿ ಮಾತು. ನಮ್ಮವರಲ್ಲಿ ಕಾರ್ಪೊರೇಟರನ್ನು ಅಳೆಯುವ ಮಾಪನ ಯಾವುದು? ಮದುವೆಗೆ ಬಂದರೇ, ಮಯ್ಯಿತ್‌ಗೆ ಬಂದರೇ, ಠಾಣೆಯಿಂದ ಹುಡುಗನನ್ನು ಬಿಡಿಸಿದರೇ, ಖಾತಾ ಮಾಡಿಸಲು ಫೋನ್ ಮಾಡಿದರೇ? ದುಃಖದಲ್ಲಿ ಪಾಲ್ಗೊಳ್ಳುವುದು ಸದ್ಗುಣವೇ. ಆದರೆ ಹಕ್ಕಿನಿಂದ ಸಿಗಬೇಕಾದುದನ್ನು ಉಪಕಾರವೆಂದು ಸ್ವೀಕರಿಸುವವನಿಗೆ ನಾಳೆ ಪ್ರಶ್ನಿಸುವ ನೈತಿಕ ಬಲವಿರುವುದಿಲ್ಲ. ‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ಮತ ನೀಡಿ, ‘ನಮ್ಮವನು’ ಎಂಬ ಅದೇ ಕಾರಣಕ್ಕೆ ಅವನ ವೈಫಲ್ಯವನ್ನು ಮುಚ್ಚಿಹಾಕುವುದು ಸಮುದಾಯಕ್ಕೆ ಬಗೆಯುವ ದ್ರೋಹ.

ಎರಡನೆಯದು, ಯಾವ ದೂರು ಯಾರಿಗೆಂದು ತಿಳಿದಿರಬೇಕು. ಕುಡಿಯುವ ನೀರು ಮತ್ತು ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಕೆಲಸ, ಅದರ ದೂರವಾಣಿ 1916. ವಿದ್ಯುತ್ ಬೆಸ್ಕಾಂನದು, ಅದರ ದೂರವಾಣಿ 1912. ಮಳೆನೀರಿನ ಚರಂಡಿ, ಬೀದಿದೀಪ ಮತ್ತು ಒಳರಸ್ತೆಗಳು ಪಾಲಿಕೆಯವು. ತಮ್ಮ ಮನೆ ಯಾವ ವಾರ್ಡಿನಲ್ಲಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. 198 ವಾರ್ಡ್‌ಗಳ ಕಾಲದಲ್ಲಿ ಚಿಕ್ಕಪೇಟೆ ವಾರ್ಡ್ ಸೇರಿದ್ದದ್ದು ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರಕ್ಕಲ್ಲ, ಗಾಂಧಿನಗರ ಕ್ಷೇತ್ರಕ್ಕೆ. ಹೆಸರು ನೋಡಿ ತಪ್ಪು ಬಾಗಿಲು ತಟ್ಟಿದರೆ ಒಂದು ದಿನದ ದುಡಿಮೆ ನಷ್ಟ.

ಮೂರನೆಯದು, ಕೇಳುವವನ ಕೈ ಶುದ್ಧವಿರಬೇಕು. ದಾರಿಯಲ್ಲಿ ಬಿದ್ದ ತೊಂದರೆಯನ್ನು ಸರಿಸುವುದೂ ವಿಶ್ವಾಸದ ಅಂಗವೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿರುವಾಗ, ರಾತ್ರಿ ಅಂಗಡಿ ಮುಚ್ಚಿ ರಟ್ಟು ಮತ್ತು ಪ್ಲಾಸ್ಟಿಕ್ಕನ್ನು ಮೋರಿಗೆ ತಳ್ಳುವುದು ಯಾವ ನ್ಯಾಯ? ಬಕ್ರೀದ್‌ನ ತ್ಯಾಜ್ಯವನ್ನು ನಿಗದಿತ ವಾಹನಕ್ಕೆ ಕೊಡದೆ ತಿರುವಿನಲ್ಲಿ ಎಸೆಯುವುದು ಯಾವ ಇಬಾದತ್? ನಾವು ಎಸೆದ ಕಸ ಮಾಯವಾಗುವುದಿಲ್ಲ. ಈ ನಗರದ ಕಸದ ಬೆಟ್ಟದಡಿ ವರ್ಷಗಟ್ಟಲೆ ನರಳಿದ ಮಂಡೂರಿನ ಗ್ರಾಮಸ್ಥರು ಹೋರಾಡಿ 2014ರಲ್ಲಿ ಲಾರಿಗಳನ್ನು ನಿಲ್ಲಿಸಬೇಕಾಯಿತು. ಹಸಿ ಕಸ ಒಣ ಕಸವನ್ನು ಬೇರ್ಪಡಿಸುವ ಎರಡು ನಿಮಿಷದ ಕೆಲಸದಲ್ಲಿ ಆ ಹಳ್ಳಿಗರ ಮೇಲಿನ ನ್ಯಾಯವೂ, ನಮ್ಮ ಬಾಗಿಲಿಗೆ ಬರುವ ಪೌರಕಾರ್ಮಿಕರ ಮೇಲಿನ ಕರುಣೆಯೂ ಅಡಗಿದೆ.

ನಾಲ್ಕನೆಯದಾಗಿ ಸಹೋದರಿಯರಿಗೆ ಒಂದು ಮಾತು. 2015ರ ಚುನಾವಣೆಯಲ್ಲಿ ಪಾಲಿಕೆಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಆದರೆ ಎಷ್ಟೋ ಕಡೆ ಹೆಸರು ಪತ್ನಿಯದು, ಆಡಳಿತ ಪತಿಯದು ಎಂಬಂತಾಯಿತು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ದಿನದಿಂದ ದೀಪ ಉರಿಯುತ್ತಿಲ್ಲ, ಮಗಳು ಟ್ಯೂಷನ್‌ನಿಂದ ಬರುವ ಓಣಿ ಸುರಕ್ಷಿತವೇ ಎಂಬುದು ಪುರುಷರಿಗಿಂತ ತಮಗೇ ಚೆನ್ನಾಗಿ ಗೊತ್ತು. ವಾರ್ಡ್ ಸಮಿತಿಯ ಮಹಿಳಾ ಸ್ಥಾನಕ್ಕೆ ನಮ್ಮ ಮೊಹಲ್ಲಾದಿಂದ ಒಂದು ಅರ್ಜಿಯಾದರೂ ಹೋಗಲಿ. ಸಭೆಯ ಸೂಚನೆ ಕನ್ನಡದಲ್ಲಿರುತ್ತದೆ. ಓದಲು ಬಾರದ ಹಿರಿಯರಿಗೆ ನಮ್ಮ ವಿದ್ಯಾರ್ಥಿಗಳು ಅದನ್ನು ಓದಿ ಹೇಳಲಿ, ಉರ್ದುವಿನಲ್ಲಿ ವಿವರಿಸಲಿ. ಮಸೀದಿಯ ಲೆಕ್ಕದ ಫಲಕದ ಪಕ್ಕದಲ್ಲಿಯೇ ವಾರ್ಡಿನ ಕಾಮಗಾರಿಗಳ ಪಟ್ಟಿಗೂ ಒಂದು ಜಾಗವಿರಲಿ.

ಕೊನೆಯದಾಗಿ, ಇದು ಮುಸ್ಲಿಮರ ಬೇಡಿಕೆಯೆಂದು ಯಾರೂ ಭಾವಿಸದಿರಲಿ, ನಾವೂ ಹಾಗೆ ಭಾವಿಸುವುದು ಬೇಡ. ಬೆಂಗಳೂರು ಕರಗವು ಶತಮಾನಗಳ ಪರಂಪರೆಯಂತೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವ ಊರು ನಮ್ಮದು. ಒಡೆದ ಒಳಚರಂಡಿಯ ನೀರು ಮನೆಯವರ ಧರ್ಮ ಕೇಳಿ ಒಳಗೆ ನುಗ್ಗುವುದಿಲ್ಲ. ಪಕ್ಕದ ಅಂಗಡಿಯ ಮಾರ್ವಾಡಿ ವ್ಯಾಪಾರಿ, ಎದುರು ಮನೆಯ ದೇವಾಂಗ ಕುಟುಂಬ, ಓಣಿಯ ಕೊನೆಯ ಹಮಾಲಿ, ಎಲ್ಲರ ಸಹಿಯೂ ಇರುವ ಒಂದು ಮನವಿ ಹತ್ತು ಪ್ರತಿಭಟನೆಗಳಿಗೆ ಸಮ. ರಸ್ತೆಬದಿಯಲ್ಲಿ ಗಾಡಿಯಿಟ್ಟು ಹೊಟ್ಟೆ ಹೊರೆಯುವವರನ್ನು ಓಡಿಸುವುದು ಅಭಿವೃದ್ಧಿಯಲ್ಲ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ, ಅವರೂ ಈ ವಾರ್ಡಿನವರೇ. ಅವರಿಗೂ ಜಾಗ, ನಡೆಯುವವರಿಗೂ ಜಾಗ ಎಂಬ ಯೋಜನೆಯನ್ನು ಕೇಳೋಣ.

ಪ್ರತಿನಿಧಿಗಳನ್ನು ಶಪಿಸುವುದು ಸುಲಭ, ಹೊಗಳುವುದು ಇನ್ನೂ ಸುಲಭ. ತಿಂಗಳಿಗೆ ಒಂದು ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಕುಳಿತು, ಕಳೆದ ಸಭೆಯಲ್ಲಿ ಹೇಳಿದ ಕೆಲಸ ಏನಾಯಿತೆಂದು ವಿನಯದಿಂದ ಕೇಳುವುದೇ ಕಷ್ಟ. ಆ ಕಷ್ಟದ ಕೆಲಸಕ್ಕೆ ಈ ಸಭೆಯಿಂದ ಐದು ಮಂದಿ ಸಿದ್ಧರಾದರೆ ನನ್ನ ಮಾತು ಸಾರ್ಥಕ. ಆ ಐವರಲ್ಲಿ ಇಬ್ಬರಾದರೂ ಸಹೋದರಿಯರಿರಲಿ. ಅವರ ಹೆಸರುಗಳನ್ನು ಇಂದೇ, ಇಲ್ಲಿಂದ ಏಳುವ ಮುನ್ನವೇ ಬರೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತ ನನ್ನ ಮಾತುಗಳನ್ನು ಮುಗಿಸುತ್ತೇನೆ. ವಸ್ಸಲಾಮ್.