ಅವತ್ತು ಎಷ್ಟು ಬಂತು, ಸಾರ್?

ಈ ಸೆಖೆಯಲ್ಲೂ ಗೌನು ತೊಟ್ಟು ತಾಳ್ಮೆಯಿಂದ ಕೂತಿರುವ ನನ್ನ ಎಳೆಯ ಗೆಳೆಯರೇ,

ನನ್ನ ವಿಷಯ ವ್ಯಾಯಾಮ ಶರೀರಕ್ರಿಯಾಶಾಸ್ತ್ರ. ಇದನ್ನು ಒಂದೇ ಉಸಿರಿಗೆ ಹೇಳಲು ಬಂದರೆ ನಿಮ್ಮ ಶ್ವಾಸಕೋಶ ಗಟ್ಟಿಯಾಗಿದೆ ಎಂದು ಲೆಕ್ಕ. ನಮ್ಮಜ್ಜಿಗೆ ವಿವರಿಸಲು ಹೋಗಿ, "ಓಡೋರ ಮೂತಿಗೆ ಮಾಸ್ಕ್ ಕಟ್ಟಿ ಉಸಿರು ಅಳೀತೀನಜ್ಜಿ" ಅಂದಿದ್ದೆ. "ಓಡಿದ್ರೆ ಏದುಸಿರು ಬರುತ್ತೆ ಅಂತ ತಿಳ್ಕೊಳ್ಳೋಕೆ ಇಷ್ಟೆಲ್ಲ ಓದಬೇಕಿತ್ತೇನೋ?" ಅಂದಳು. ಉತ್ತರ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಅವಳಿಗೆ ಹೇಳಬೇಕಿದ್ದದ್ದು ಸ್ಟಾಕ್‌ಹೋಮಿನ ಒಂದು ಸೈಕಲ್ಲಿನ ಕಥೆ. ಯೋನಾಸ್ ಬರ್ಗ್‌ಸ್ಟ್ರೋಮ್, ಎರಿಕ್ ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು. ದಣಿದ ಕಾಲಿನೊಳಗೆ ನಿಜಕ್ಕೂ ಏನು ಖಾಲಿಯಾಗುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಇಟ್ಟಲ್ಲೇ ತುಳಿಯುವ ಒಂದೇ ಸೈಕಲ್ಲಿನ ಆಚೆ ಒಬ್ಬ, ಈಚೆ ಒಬ್ಬ ಕೂತರು. ಒಬ್ಬನದು ಒಂದು ಪೆಡಲು, ಇನ್ನೊಬ್ಬನದು ಇನ್ನೊಂದು. ಪ್ರತಿಯೊಬ್ಬನದೂ ಒಂದು ಕಾಲು ದುಡಿಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಸಾಕಪ್ಪಾ ಅನ್ನಿಸುವವರೆಗೆ ತುಳಿದು, ಎರಡೂ ತೊಡೆಗೆ ದಪ್ಪ ಸೂಜಿ ಇಳಿಸಿ ಸ್ನಾಯುವಿನ ಚೂರು ತೆಗೆದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ, ಬಹುತೇಕ ಬರಿದಾಗಿತ್ತು. ಆಮೇಲೆ ಮೂರು ದಿನ ಪಿಷ್ಟ ತುಂಬಿದ ಊಟ. ಅದೇ ಅನ್ನ, ಅದೇ ರಕ್ತ. ಆದರೆ ದುಡಿದ ಕಾಲು ಮಾತ್ರ ಮೊದಲಿದ್ದುದರ ಹೆಚ್ಚುಕಡಿಮೆ ಎರಡರಷ್ಟು ಕಣಜ ತುಂಬಿಕೊಂಡಿತು. ಸುಮ್ಮನಿದ್ದ ಕಾಲಿನಲ್ಲಿ ಅಂಥ ಬದಲಾವಣೆಯೇನೂ ಇಲ್ಲ. 1966ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಪ್ರಯೋಗಪಶುಗಳು ಆ ಇಬ್ಬರೇ. ಮ್ಯಾರಥಾನ್ ಓಡುವವರು ಹಿಂದಿನ ದಿನ ಅನ್ನವನ್ನೋ ಪಾಸ್ತಾವನ್ನೋ ಒಂದು ತುತ್ತು ಹೆಚ್ಚು ತಿನ್ನುತ್ತಾರಲ್ಲ, ಅದರ ಬೇರು ಆ ಸೂಜಿಯ ತುದಿಯಲ್ಲಿದೆ.

ಅದೇ ಊರಿನಿಂದ ಬಂದವನು ಬೆಂಗ್ಟ್ ಸಾಲ್ಟಿನ್. ಈ ಕ್ಷೇತ್ರದಲ್ಲಿ ಒಂದು ಇಡೀ ಬಾಳುವೆ ಹೇಗಿರಬಹುದು ಎಂದು ಕೇಳಿದರೆ ನಾನು ತೋರಿಸುವುದು ಇವನನ್ನೇ. ಹುಟ್ಟಿದ್ದು 1935, ತೀರಿಕೊಂಡದ್ದು 2014. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಸಂಗಡಿಗರ ಜೊತೆ ಸೇರಿ, ಇಪ್ಪತ್ತರ ಆಸುಪಾಸಿನ ಐವರು ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದ. ಕಾಯಿಲೆಯಿಲ್ಲ, ಬರೀ ಮಲಗುವುದು. ಅವರು ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ ಸರಾಸರಿ 3.3 ಲೀಟರಿನಿಂದ 2.4ಕ್ಕೆ ಕುಸಿಯಿತು. ಎಬ್ಬಿಸಿ, ಸುಮಾರು ಎಂಟು ವಾರ ಬೆವರಿಳಿಸಿದ ಮೇಲೆ 3.9. ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದ ಕಾಲ ಅದು. ಆ ಪದ್ಧತಿಯನ್ನು ಅಲುಗಾಡಿಸಿದ ಪುರಾವೆಗಳಲ್ಲಿ ಇದೂ ಒಂದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1996ರಲ್ಲಿ ಆ ಐವರನ್ನೂ ಹುಡುಕಿ ಕರೆತಂದರು. ಹೊಟ್ಟೆ ಬಂದಿದೆ, ವಯಸ್ಸು ಐವತ್ತು. ಅಳೆದರೆ, ಒಬ್ಬನ ಸಾಮರ್ಥ್ಯವೂ ಅಂದು ಹಾಸಿಗೆಯಿಂದ ಎದ್ದ ದಿನದಷ್ಟು ಕೆಳಗಿಳಿದಿರಲಿಲ್ಲ. ಮೂವತ್ತು ವರ್ಷದ ವಯಸ್ಸು ಮಾಡಲಾಗದ ಹಾನಿಯನ್ನು ಮೂರು ವಾರದ ಹಾಸಿಗೆ ಮಾಡಿತ್ತು! ಆರು ತಿಂಗಳು ಹದವಾಗಿ ತರಬೇತಿ ಕೊಟ್ಟಾಗ ಅವರ ಸರಾಸರಿ ಇಪ್ಪತ್ತರ ಹರೆಯದ ಮಟ್ಟಕ್ಕೇ ಬಂತು. ಇಂದು ಐದೇ ಜನರ ಪ್ರಯೋಗವನ್ನು ಯಾವುದಾದರೂ ಸಂಶೋಧನಾ ಪತ್ರಿಕೆಗೆ ಕಳಿಸಿ ನೋಡಿ, ಮರುಟಪಾಲಿನಲ್ಲೇ ವಾಪಸು ಬರುತ್ತದೆ. ನನ್ನ ಬೆರಗು ಅಂಕಿಗಳಿಗಿಂತ ಇನ್ನೊಂದರ ಬಗ್ಗೆ: ಯಾರೋ ಪುಣ್ಯಾತ್ಮರು ಆ ಐವರ ಹಳೆಯ ದಾಖಲೆ ಜೋಪಾನ ಮಾಡಿದ್ದರು, ಅವರೂ ಕರೆದರೆ ಬರುವಷ್ಟು ವಿಶ್ವಾಸ ಉಳಿಸಿಕೊಂಡಿದ್ದರು.

ನಮ್ಮಲ್ಲಿ ಅಳೆಯುವ ಆತುರ ಹೆಚ್ಚು, ಕೇಳಿಸಿಕೊಳ್ಳುವ ವ್ಯವಧಾನ ಕಡಿಮೆ. 2020ರ ಫೆಬ್ರುವರಿ ನೆನಪಿರಬೇಕು. ಕಂಬಳದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55, ಬೋಲ್ಟ್‌ಗಿಂತ ವೇಗ ಎಂದರು. ದೇಶವೇ ಕುಣಿಯಿತು. ನನಗೂ ಫೋನಿನ ಮೇಲೆ ಫೋನು. ಕೋಣಗಳ ಎಳೆತ ಒಂದು ಕಡೆ, ಕೆಸರಿನ ತಡೆ ಇನ್ನೊಂದು ಕಡೆ; ಆ ಭಾಗಾಕಾರಕ್ಕೆ ಅರ್ಥವೇ ಇರಲಿಲ್ಲ. ಇದನ್ನು ನಮಗಿಂತ ಚೆನ್ನಾಗಿ ಹೇಳಿದವರು ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳುಗಳ ಕೆಲಸ, ಈ ಓಟದಲ್ಲಿ ಕೋಣಗಳ ಪಾಲೂ ಇದೆ ಎಂದು ತಣ್ಣಗೆ ಹೇಳಿ, ತಮಗೆ ಬಂದ ಟ್ರ್ಯಾಕ್ ಟ್ರಯಲ್ಸಿನ ಕರೆ ಬೇಡವೆಂದರು. ಅಷ್ಟು ಚೊಕ್ಕಟ ವಿಶ್ಲೇಷಣೆ ನನ್ನ ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಈಗ ನನ್ನದೇ ಒಂದು ತಪ್ಪು. ಇಪ್ಪತ್ತೈದು ವರ್ಷದ ಹಿಂದೆ ಒಂದು ಸ್ಪೋರ್ಟ್ಸ್ ಹಾಸ್ಟೆಲಿನಿಂದ 1500 ಮೀಟರ್ ಓಡುವ ಹುಡುಗಿಯರು ನಮ್ಮ ಲ್ಯಾಬಿಗೆ ಬಂದಿದ್ದರು. ಟ್ರೆಡ್‌ಮಿಲ್ಲಿನ ವೇಗ ಏರಿಸುವುದು, ಮೂರು ಮೂರು ನಿಮಿಷಕ್ಕೆ ನಿಲ್ಲಿಸಿ ಕಿವಿಯ ಹಾಲೆಗೆ ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು. ಅಳೆಯುತ್ತಿದ್ದದ್ದು ಲ್ಯಾಕ್ಟೇಟ್, ಅಂದರೆ ದುಡಿಯುವ ಸ್ನಾಯು ರಕ್ತಕ್ಕೆ ಬಿಡುವ ಒಂದು ವಸ್ತು. ಕೋಚುಗಳು ಇಂದಿಗೂ ಅದನ್ನು ವಿಷವೆಂದು ಬೈಯುತ್ತಾರೆ, ಪಾಪ. ಹೃದಯ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತದೆ. ಹದಿನೇಳರ ಒಬ್ಬ ಹುಡುಗಿ ಪ್ರತಿ ಸಲ ಚುಚ್ಚುವಾಗಲೂ ಮುಷ್ಟಿ ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದಳು. ಇಳಿದ ಮೇಲೆ, "ಎಷ್ಟು ಬಂತು ಸಾರ್?" ಅಂತ ಕೇಳಿದಳು. "ನಿಮ್ಮ ಕೋಚ್‌ಗೆ ಹೇಳ್ತೀನಮ್ಮ" ಅಂದೆ. ಹೇಳಲಿಲ್ಲ. ಪ್ರಬಂಧ ಅಚ್ಚಾಯಿತು, ಅವಳು ಪಟ್ಟಿಯಲ್ಲಿ ಏಳನೆಯ ಸಾಲಾದಳು.

ಹೋದ ವರ್ಷ ಹಾಸನದ ಕಡೆ ಒಂದು ಶಾಲಾ ಕ್ರೀಡಾಕೂಟಕ್ಕೆ ಹೋಗಿದ್ದೆ. ಕೊರಳಲ್ಲಿ ವಿಷಲ್ ಹಾಕಿಕೊಂಡ ಪಿ.ಟಿ. ಟೀಚರ್ ಒಬ್ಬರು ಹತ್ತಿರ ಬಂದರು. "ಗುರುತು ಸಿಕ್ತಾ ಸಾರ್? ಕಿವಿಗೆ ಚುಚ್ಚಿದ್ರಲ್ಲ. ಅವತ್ತು ಎಷ್ಟು ಬಂತು?" ಎಂದರು. ಆ ಹಾಳೆಗಳು ಲ್ಯಾಬು ಬದಲಾಯಿಸುವಾಗಲೇ ರದ್ದಿಗೆ ಹೋಗಿದ್ದವು. ಕಳೆದುಬಿಟ್ಟೆನಮ್ಮ, ತಪ್ಪಾಯ್ತು ಎಂದೆ. "ಹೋಗ್ಲಿ ಬಿಡಿ" ಎಂದು ನಕ್ಕು, ರಿಲೇಗೆ ಮಕ್ಕಳನ್ನು ನಿಲ್ಲಿಸಲು ಓಡಿದರು. ತಿರುಗಿ ಬಂದು, "ಈಗ ಮಾಡಿದ್ರೆ ಎಷ್ಟು ಬರಬಹುದು?" ಎಂದು ಕೇಳಿದರು.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಬಸ್ಸು ಹಿಡಿದು ಬಂದೇಬಿಟ್ಟರು, ಕೈಯಲ್ಲೊಂದು ನೂರು ಪುಟದ ನೋಟ್‌ಬುಕ್ಕು. ಚುಚ್ಚುವಾಗ ಮುಷ್ಟಿ ಈಗಲೂ ಬಿಗಿಯಿತು. ಒಂದೊಂದು ಅಂಕಿಯನ್ನೂ ಮೊದಲು ಅವರ ಪುಸ್ತಕದಲ್ಲಿ ಬರೆದೆ, ಆಮೇಲೆ ನನ್ನ ಕಂಪ್ಯೂಟರಿನಲ್ಲಿ. ಪಕ್ಕದಲ್ಲಿ ತಾರೀಖು ಹಾಕಿಕೊಂಡು, ಕಿವಿ ಉಜ್ಜಿಕೊಳ್ಳುತ್ತಾ, "ಮುಂದಿನ ಸಲ ಯಾವಾಗ ಬರಲಿ ಸಾರ್?" ಎಂದರು.

ಬರುವ ದಸರಾಕ್ಕೆ ಎಂದಿದ್ದೇನೆ. ಆ ದಿನ ಲ್ಯಾಬಿನಲ್ಲಿ ಒಂದೆರಡು ಕೈ ಹೆಚ್ಚು ಬೇಕು. ನಿಮ್ಮಲ್ಲಿ ಯಾರಾದರೂ ಬರುವುದಾದರೆ ಹೇಳಿ.